ಹಳೇ ಲಿಂಕ್ ಒತ್ತಿದವರು ಎಲ್ಲಿಗೆ ಹೋಗಬೇಕು? ಗ್ರಂಥಾಲಯದ ಸರ್ವರ್‌ನಲ್ಲಿ ರೀಡೈರೆಕ್ಟ್ ಹಾಕುವ ಬಗ್ಗೆ

(ಕಾಲೇಜು ಗ್ರಂಥಪಾಲಕರ ಕಾರ್ಯಾಗಾರವೊಂದರಲ್ಲಿ ಆಡಿದ ಮಾತಿನ ಬರಹ ರೂಪ. ಪರದೆಯ ಮೇಲೆ ತೋರಿಸಿದ ಕಾನ್ಫಿಗರೇಶನ್ ಸಾಲುಗಳನ್ನು ಇಲ್ಲಿ ಕೊಟ್ಟಿಲ್ಲ. ಅವು ಏನು ಕೆಲಸ ಮಾಡುತ್ತವೆ ಅನ್ನೋದನ್ನು ಮಾತಿನಲ್ಲೇ ಹೇಳಿದ್ದೇನೆ. ಕೊನೆಗೆ ಬಂದ ಪ್ರಶ್ನೆಗಳನ್ನೂ ಸೇರಿಸಿದ್ದೇನೆ.)

ನಮಸ್ಕಾರ. ಮೊದಲು ಒಂದು ಪ್ರಶ್ನೆ. ಕಾಲೇಜುಗಳ ಗುಣಮಟ್ಟ ಅಳೆಯುವ ನ್ಯಾಕ್ ತಂಡದ ಕಳೆದ ಭೇಟಿ ಮುಗಿದ ಮೇಲೆ ನಮ್ಮ ಕಾಲೇಜಿನ ವೆಬ್‌ಸೈಟ್ ಹೊಸದಾಗಿದೆ ಅನ್ನುವವರು ಕೈ ಎತ್ತಿ. ಹೆಚ್ಚುಕಡಿಮೆ ಎಲ್ಲರೂ. ಸರಿ, ಹೊಸ ಸೈಟ್ ಬಂದ ಮೇಲೆ, ನ್ಯಾಕ್‌ಗೆ ಕೊಟ್ಟ ಸ್ವ-ಅಧ್ಯಯನ ವರದಿಯ 4.2ರಲ್ಲಿ, ಅಂದರೆ ಗ್ರಂಥಾಲಯದ ಭಾಗದಲ್ಲಿ, ನೀವೇ ಹಾಕಿದ್ದ ಲಿಂಕ್‌ಗಳನ್ನು ಒಂದೊಂದಾಗಿ ಒತ್ತಿ ನೋಡಿದವರು? ಕೈಗಳು ಇಳಿದವು.

ಇವತ್ತು ನಾನು ಹೇಳಬೇಕಾದ್ದು ಮುಖ್ಯವಾಗಿ ಒಂದೇ. ಗ್ರಂಥಾಲಯ ಒಂದು ಸಲ ಹೊರಗೆ ಕೊಟ್ಟ ವೆಬ್ ವಿಳಾಸಕ್ಕೆ ಗ್ರಂಥಾಲಯವೇ ಜವಾಬ್ದಾರಿ. ಹಳೇ ವಿಳಾಸಕ್ಕೆ ಬಂದವರನ್ನು ಹೊಸ ವಿಳಾಸಕ್ಕೆ ತಾನಾಗೇ ಕಳಿಸುವುದಕ್ಕೆ ರೀಡೈರೆಕ್ಟ್ ಅನ್ನುತ್ತಾರೆ. ಅದಕ್ಕೆ ಸರ್ವರ್‌ನಲ್ಲಿ ಸಾಲು ಬರೆಯುವ ಕೆಲಸ ಐಟಿಯವರದ್ದೋ ವೆಬ್‌ಸೈಟ್ ಮಾಡಿಕೊಟ್ಟವರದ್ದೋ ಇರಬಹುದು, ಅದು ಐದು ನಿಮಿಷದ ಕೆಲಸ. ಆದರೆ ಯಾವ ಹಳೇ ವಿಳಾಸ ಯಾವ ಹೊಸ ವಿಳಾಸಕ್ಕೆ ಹೋಗಬೇಕು ಅನ್ನುವ ಪಟ್ಟಿ ಇದೆಯಲ್ಲ, ಅದನ್ನು ಅವರು ಮಾಡೋಕಾಗಲ್ಲ. ಯಾವ ಪುಟದಲ್ಲಿ ಏನಿತ್ತು ಅಂತ ಗೊತ್ತಿರೋದು ನಮಗೆ ಮಾತ್ರ. ಆ ಪಟ್ಟಿ ಇಲ್ಲದೆ ಎಂಥ ಜಾಣ ಎಂಜಿನಿಯರ್ ಬಂದರೂ ಎಲ್ಲಾ ಹಳೇ ವಿಳಾಸಗಳನ್ನೂ ಮುಖಪುಟಕ್ಕೆ ತಳ್ಳಿ ಕೈತೊಳೆದುಕೊಳ್ಳುತ್ತಾರೆ. ಅದಕ್ಕಿಂತ ಸುಮ್ನೆ ಬಿಟ್ಟಿದ್ದರೇ ಚೆನ್ನಾಗಿತ್ತು ಅನ್ನೋದು ನನ್ನ ಅಭಿಪ್ರಾಯ. ಯಾಕೆ ಅಂತ ಆಮೇಲೆ ಹೇಳುತ್ತೇನೆ.

ಲಿಂಕ್ ಸಾಯೋದು ಎಲ್ಲಾ ಕಡೆ ಇರೋದೇ ಬಿಡಿ ಅಂತ ಯಾರಾದರೂ ಹೇಳಬಹುದು. ನಿಜ. ಅಮೆರಿಕದ ಪ್ಯೂ ಸಂಶೋಧನಾ ಕೇಂದ್ರ 2024ರಲ್ಲಿ ಪ್ರಕಟಿಸಿದ ಲೆಕ್ಕದ ಪ್ರಕಾರ 2013ರಲ್ಲಿ ಇದ್ದ ವೆಬ್ ಪುಟಗಳಲ್ಲಿ ಶೇ. 38ರಷ್ಟು ಹತ್ತು ವರ್ಷದಲ್ಲಿ ಕಾಣೆಯಾಗಿದ್ದವು. ಆದರೆ ಸುದ್ದಿ ತಾಣದ ಲಿಂಕ್ ಸತ್ತರೆ ಆಗುವ ನಷ್ಟ ಬೇರೆ, ನಮ್ಮದು ಸತ್ತರೆ ಆಗುವ ನಷ್ಟ ಬೇರೆ. ನಮ್ಮ ವಿಳಾಸಗಳು ಪಿಎಚ್‌ಡಿ ಪ್ರಬಂಧದ ಕೊನೆಯ ಪುಟಗಳಲ್ಲಿ ಅಚ್ಚಾಗಿವೆ, ವಿಕಿಪೀಡಿಯದ ಅಡಿಟಿಪ್ಪಣಿಯಲ್ಲಿವೆ, ಕಪಾಟಿನ ಬದಿಗೆ ಅಂಟಿಸಿದ ಕ್ಯೂಆರ್ ಕೋಡ್‌ನೊಳಗಿವೆ, ಮೇಷ್ಟ್ರು ವಿದ್ಯಾರ್ಥಿಗಳ ವಾಟ್ಸಾಪ್ ಗುಂಪಿಗೆ ಹಾಕಿದ ಪಟ್ಟಿಯಲ್ಲಿವೆ. ಕಾಗದಕ್ಕೆ ಹೋದ ವಿಳಾಸವನ್ನು ವಾಪಸ್ ತರಿಸಿ ತಿದ್ದೋಕಾಗುತ್ತಾ? ತಿದ್ದಬಹುದಾದ ಜಾಗ ಒಂದೇ, ಆ ವಿಳಾಸಕ್ಕೆ ಉತ್ತರ ಕೊಡುವ ಸರ್ವರ್.

ಕನ್ನಡದ ಓದುಗರಿಗೆ ಚೆನ್ನಾಗಿ ಗೊತ್ತಿರುವ ಉದಾಹರಣೆ ಡಿಜಿಟಲ್ ಲೈಬ್ರರಿ ಆಫ್ ಇಂಡಿಯಾ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಅದರ ಮುಖ್ಯ ಕೇಂದ್ರವಾಗಿತ್ತು. ಲಕ್ಷಗಟ್ಟಲೆ ಹಳೇ ಪುಸ್ತಕಗಳು ಅಲ್ಲಿ ಸ್ಕ್ಯಾನ್ ಆಗಿದ್ದವು, ಕನ್ನಡದವೂ ಸಾಕಷ್ಟು. ಪ್ರತಿ ಪುಸ್ತಕಕ್ಕೂ ಒಂದು ಬಾರ್‌ಕೋಡ್ ಸಂಖ್ಯೆ, ಆ ಸಂಖ್ಯೆ ವೆಬ್ ವಿಳಾಸದಲ್ಲೂ ಇರುತ್ತಿತ್ತು. ಬ್ಲಾಗ್‌ಗಳಲ್ಲಿ, ಸಂಶೋಧನಾ ಲೇಖನಗಳಲ್ಲಿ ಜನ ಆ ವಿಳಾಸಗಳನ್ನು ಧಾರಾಳವಾಗಿ ಕೊಟ್ಟಿದ್ದರು. ಆಮೇಲೆ ಆ ತಾಣ ನಿಂತುಹೋಯಿತು. ಪುಸ್ತಕಗಳೇನೂ ಹಾಳಾಗಲಿಲ್ಲ, ಬಹಳಷ್ಟು ಈಗ ಇಂಟರ್ನೆಟ್ ಆರ್ಕೈವ್‌ನಲ್ಲಿವೆ. ಅಲ್ಲಿ ಅವುಗಳ ಗುರುತಿನ ಹೆಸರು ‘ಇನ್ ಡಾಟ್ ಅರ್ನೆಟ್ ಡಾಟ್ ಡಿಎಲ್‌ಐ’ ಅಂತಲೇ ಶುರುವಾಗುತ್ತದೆ. ಹಳೇ ಡೊಮೈನ್ ಹೆಸರನ್ನೇ, ಅಂದರೆ ವೆಬ್ ವಿಳಾಸದಲ್ಲಿರುವ ತಾಣದ ಹೆಸರನ್ನೇ, ಹಿಂದುಮುಂದು ಮಾಡಿ ಬರೆದದ್ದು. ವಿವರಗಳಲ್ಲಿ ಬಾರ್‌ಕೋಡ್ ಸಂಖ್ಯೆಯೂ ಇದೆ. ಅಂದರೆ ಹಳೇ ವಿಳಾಸದಿಂದ ಹೊಸ ವಿಳಾಸಕ್ಕೆ ಹೋಗಲು ಬೇಕಾದ ಪಟ್ಟಿ ಬಹುಪಾಲು ತಯಾರಾಗೇ ಇದೆ. ಇಲ್ಲದೇ ಇರೋದು, ಹಳೇ ವಿಳಾಸಕ್ಕೆ ಬಂದವರಿಗೆ ‘ನೀವು ಕೇಳಿದ್ದು ಈಗ ಅಲ್ಲಿದೆ’ ಅಂತ ಹೇಳುವ ಒಂದು ಸರ್ವರ್. ರೀಡೈರೆಕ್ಟ್ ಹಾಕಬೇಕು ಅಂದರೆ ಹಳೇ ಬಾಗಿಲಲ್ಲಿ ಯಾರಾದರೂ ನಿಂತಿರಲೇಬೇಕು. ಈ ಮಾತು ನೆನಪಿಟ್ಟುಕೊಳ್ಳಿ, ಡೊಮೈನ್ ವಿಷಯಕ್ಕೆ ಬಂದಾಗ ಮತ್ತೆ ಬೇಕಾಗುತ್ತದೆ.

ಈಗ ಒಳಗೆ ನಡೆಯುವುದೇನು ನೋಡೋಣ. ಬ್ರೌಸರ್ ಒಂದು ವಿಳಾಸ ಕೇಳುತ್ತದೆ. ಸರ್ವರ್ ಉತ್ತರ ಕೊಡುವಾಗ ಮೊದಲು ಮೂರಂಕಿಯ ಒಂದು ಸಂಖ್ಯೆ ಕೊಡುತ್ತದೆ. 200 ಅಂದರೆ ತಗೋ ಇಲ್ಲಿದೆ. 404 ಅಂದರೆ ಸಿಗಲಿಲ್ಲ. 301 ಅಂದರೆ ಶಾಶ್ವತವಾಗಿ ಬೇರೆ ಕಡೆ ಹೋಗಿದೆ, ಜೊತೆಗೆ ಲೊಕೇಶನ್ ಅನ್ನುವ ಸಾಲಿನಲ್ಲಿ ಹೊಸ ವಿಳಾಸ. 302 ಅಂದರೆ ಸದ್ಯಕ್ಕೆ ಬೇರೆ ಕಡೆ ಇದೆ, ಮುಂದಿನ ಸಲವೂ ಇಲ್ಲೇ ಬಂದು ಕೇಳು. ಬ್ರೌಸರ್ ಆ ಹೊಸ ವಿಳಾಸಕ್ಕೆ ತಾನೇ ಹೋಗುತ್ತದೆ, ಓದುಗರಿಗೆ ಗೊತ್ತೇ ಆಗುವುದಿಲ್ಲ. ಇನ್ನೆರಡು ಸಂಖ್ಯೆಗಳಿವೆ, 307 ಮತ್ತು 308. ಫಾರ್ಮ್ ತುಂಬಿ ಕಳಿಸಿದ ಮಾಹಿತಿ ದಾರಿಯಲ್ಲಿ ಬಿದ್ದುಹೋಗಬಾರದು ಅಂದರೆ ಅವು ಬೇಕು, ಯಾಕೆಂದರೆ 301, 302 ಬಂದಾಗ ಬ್ರೌಸರ್‌ಗಳು ಫಾರ್ಮ್ ಕಳಿಸುವುದನ್ನು ಬಿಟ್ಟು ಬರೀ ಪುಟ ಕೇಳುವ ರೂಢಿ ಮಾಡಿಕೊಂಡಿವೆ. ಗ್ರಂಥಾಲಯದಲ್ಲಿ ಲಾಗಿನ್ ಪುಟ ಬಿಟ್ಟರೆ ಇದು ಅಷ್ಟಾಗಿ ಕಾಡುವುದಿಲ್ಲ.

ಒಂದು ಎಚ್ಚರಿಕೆ ಮಾತ್ರ ಬೇಕು. 301 ಅನ್ನು ಬ್ರೌಸರ್ ನೆನಪಿಟ್ಟುಕೊಳ್ಳುತ್ತದೆ. ನೀವು ತಪ್ಪು ವಿಳಾಸಕ್ಕೆ 301 ಹಾಕಿ ಆಮೇಲೆ ಸರ್ವರ್‌ನಲ್ಲಿ ತಿದ್ದಿದರೂ ಒಂದು ಸಲ ಬಂದು ಹೋದವರ ಬ್ರೌಸರ್ ಸರ್ವರ್‌ನ ಕೇಳದೆಯೇ ಹಳೇ ತಪ್ಪು ದಾರಿಗೇ ಹೋಗುತ್ತಿರಬಹುದು. ‘ನಮ್ಮ ಕಂಪ್ಯೂಟರ್‌ನಲ್ಲಿ ಸರಿಯಾಗಿದೆ, ಪ್ರಿನ್ಸಿಪಾಲರ ಕಂಪ್ಯೂಟರ್‌ನಲ್ಲಿ ಮಾತ್ರ ಬರ್ತಿಲ್ಲ’ ಅನ್ನುವ ಫೋನ್ ಬರೋದು ಹೀಗೆ. ಅದಕ್ಕೇ ಮೊದಲು 302 ಹಾಕಿ, ಒಂದೆರಡು ವಾರ ನೋಡಿ, ಎಲ್ಲ ಸರಿ ಅನ್ನಿಸಿದ ಮೇಲೆ 301 ಮಾಡಿ.

ಈಗ ನಮ್ಮ ನಿಜವಾದ ಸಾಮಾನುಗಳಿಗೆ ಬರೋಣ. ಹೆಚ್ಚಿನವರ ಹತ್ತಿರ ಡಿಜಿಟಲ್ ಕಡತಗಳನ್ನು ಇಡುವ ಡಿಸ್ಪೇಸ್ ಇದೆ, ಪುಸ್ತಕಗಳ ಕ್ಯಾಟಲಾಗ್ ನಡೆಸುವ ಕೋಹ ಇದೆ, ಇಲ್ಲವೇ ಅದೇ ಕೆಲಸದ ಇ-ಗ್ರಂಥಾಲಯ ಇದೆ.

ಡಿಸ್ಪೇಸ್ ಮೊದಲು. 2002ರಲ್ಲಿ ಎಂಐಟಿ ಗ್ರಂಥಾಲಯ ಮತ್ತು ಎಚ್‌ಪಿ ಸೇರಿ ಹೊರತಂದ ತಂತ್ರಾಂಶ. ನಮ್ಮಲ್ಲಿ ಪ್ರಶ್ನೆಪತ್ರಿಕೆ, ಪ್ರಬಂಧ, ಅಧ್ಯಾಪಕರ ಲೇಖನ ಎಲ್ಲ ಅದರೊಳಗೇ. ಹಳೇ ಆವೃತ್ತಿಯ ವಿಳಾಸ ನೆನಪಿಸಿಕೊಳ್ಳಿ. ಡೊಮೈನ್, ಆಮೇಲೆ ಕೋಲನ್ 8080, ಆಮೇಲೆ ಜೆಎಸ್‌ಪಿಯುಐ, ಆಮೇಲೆ ಹ್ಯಾಂಡಲ್, ಆಮೇಲೆ 123456789, ಕೊನೆಗೆ ಆ ಕಡತದ ಸಂಖ್ಯೆ. ಕೆಲವರಲ್ಲಿ ಜೆಎಸ್‌ಪಿಯುಐ ಬದಲು ಎಕ್ಸ್‌ಎಂಎಲ್‌ಯುಐ. ಇವೆರಡೂ ಡಿಸ್ಪೇಸ್ ಓದುಗರಿಗೆ ತೋರಿಸುತ್ತಿದ್ದ ಮುಖಗಳ ಹೆಸರು. 2021ರಲ್ಲಿ ಬಂದ 7ನೇ ಆವೃತ್ತಿಯಲ್ಲಿ ಈ ಎರಡೂ ಹೋದವು, ಜಾಗದಲ್ಲಿ ಒಂದೇ ಹೊಸ ಮುಖ ಬಂತು. ಕಡತದ ಪುಟಕ್ಕೆ ಅದು ಉದ್ದನೆಯ ಬೇರೆ ಗುರುತು ಕೊಡುತ್ತದೆ. ಹಾಗಾದರೆ ಹಳೇ ವಿಳಾಸ ಎಲ್ಲ ಹೋಯಿತಾ? ಇಲ್ಲ, ಇಲ್ಲಿ ಒಳ್ಳೇ ಸುದ್ದಿ ಇದೆ. ಹೊಸ ಆವೃತ್ತಿಗೂ ಹ್ಯಾಂಡಲ್ ಅಂತ ಶುರುವಾಗುವ ಹಳೇ ದಾರಿ ಅರ್ಥವಾಗುತ್ತದೆ. ಪಿಡಿಎಫ್‌ನ ಹಳೇ ಬಿಟ್‌ಸ್ಟ್ರೀಮ್ ವಿಳಾಸ ಕೊಟ್ಟರೂ ಹುಡುಕಿ ಕೊಡುತ್ತದೆ. ಅದಕ್ಕೆ ಗೊತ್ತಾಗದೇ ಇರೋದು ನಡುವೆ ಸಿಕ್ಕಿಕೊಂಡಿರುವ ಜೆಎಸ್‌ಪಿಯುಐ ಮತ್ತು 8080, ಅಷ್ಟೇ. ಹಾಗಾಗಿ ನಿಯಮ ಒಂದೇ ಸಾಲು: ಜೆಎಸ್‌ಪಿಯುಐ ಅಂತ ಶುರುವಾದರೆ ಅದನ್ನು ಕಿತ್ತುಹಾಕಿ ಉಳಿದದ್ದನ್ನು ಹಾಗೇ ಇಟ್ಟು ಹೊಸ ಡೊಮೈನ್‌ಗೆ ಕಳಿಸು. ಸಾವಿರಾರು ಕಡತಕ್ಕೆ ಒಂದೇ ಸಾಲು.

ಆದರೆ ಎರಡು ಕಡೆ ಜನ ಜಾರುತ್ತಾರೆ. ಒಂದು, 8080. ಅದು ಬೇರೆಯೇ ಪೋರ್ಟ್, ಅಂದರೆ ಸರ್ವರ್‌ಗೆ ಬರುವ ಬೇರೆಯೇ ಬಾಗಿಲು. ಮಾಮೂಲಿ ವೆಬ್ ಸರ್ವರ್ ನಿಂತಿರುವುದು 80 ಮತ್ತು 443ರಲ್ಲಿ. ಅಲ್ಲಿ ಎಷ್ಟು ಚಂದದ ನಿಯಮ ಬರೆದಿದ್ದರೂ 8080ಕ್ಕೆ ಬಂದವರಿಗೆ ಅದು ಕೇಳಿಸುವುದೇ ಇಲ್ಲ. ಡಿಸ್ಪೇಸನ್ನು ಓಡಿಸುವ ಟಾಮ್‌ಕ್ಯಾಟ್ ಅನ್ನು ಒಳಗಡೆಯ ಬೇರೆ ಪೋರ್ಟಿಗೆ ಸರಿಸಿ, 8080ರಲ್ಲಿ ಅಪಾಚೆ ಇಲ್ಲವೇ ಎಂಜಿನ್‌ಎಕ್ಸ್ ಅನ್ನುವ ವೆಬ್ ಸರ್ವರ್ ತಂತ್ರಾಂಶವನ್ನು ಕೂರಿಸಿ, ಅದರಿಂದಲೇ ಹೊಸ ವಿಳಾಸ ಹೇಳಿಸಬೇಕು. ಕ್ಯಾಂಪಸ್‌ನ ಫೈರ್‌ವಾಲ್ ನೋಡಿಕೊಳ್ಳುವವರಿಗೂ ಹೇಳಿಟ್ಟಿರಿ, ಇಲ್ಲದಿದ್ದರೆ ‘ಯಾಕೆ ತೆರೆದಿದೆ ಇದು’ ಅಂತ ಅವರು ಮುಚ್ಚಿಬಿಡುತ್ತಾರೆ. ಎರಡನೆಯದು ಇನ್ನೂ ದೊಡ್ಡದು. ಮೇಲಿನ ಒಂದೇ ಸಾಲಿನ ಉಪಾಯ ನಡೆಯುವುದು ಕಡತದ ಸಂಖ್ಯೆ ಬದಲಾಗದೇ ಇದ್ದಾಗ ಮಾತ್ರ. ಹಳೇ ಡೇಟಾಬೇಸನ್ನೇ ಮೇಲ್ದರ್ಜೆಗೆ ಏರಿಸಿದರೆ ಸಂಖ್ಯೆ ಉಳಿಯುತ್ತದೆ. ‘ಹೊಸದಾಗಿ ಇನ್‌ಸ್ಟಾಲ್ ಮಾಡಿ ಪಿಡಿಎಫ್‌ಗಳನ್ನ ಮತ್ತೆ ಹಾಕಿಬಿಡೋಣ ಮೇಡಂ, ಸುಲಭ’ ಅಂತ ಯಾರಾದರೂ ಹೇಳಿದರೆ ಒಪ್ಪಬೇಡಿ. ಹಾಗೆ ಮಾಡಿದರೆ ಪ್ರತಿ ಕಡತಕ್ಕೂ ಹೊಸ ಸಂಖ್ಯೆ ಬೀಳುತ್ತದೆ, 456ರಲ್ಲಿ ಇದ್ದ ಭೂಗೋಳದ ಪ್ರಬಂಧದ ಜಾಗದಲ್ಲಿ 2016ರ ಅಕೌಂಟೆನ್ಸಿ ಪ್ರಶ್ನೆಪತ್ರಿಕೆ ಬಂದು ಕೂರುತ್ತದೆ. ಲಿಂಕ್ ಸತ್ತರೆ ಓದುಗರಿಗೆ ಗೊತ್ತಾದರೂ ಆಗುತ್ತದೆ. ತಪ್ಪು ಕಡತ ತೆರೆದುಕೊಂಡರೆ ಉಲ್ಲೇಖ ಕೊಟ್ಟ ಸಂಶೋಧಕರನ್ನೇ ಅನುಮಾನಿಸುತ್ತಾರೆ.

ಆ 123456789 ಬಗ್ಗೆಯೂ ಒಂದು ಮಾತು. ಅದು ಡಿಸ್ಪೇಸ್ ಮೊದಲ ದಿನ ಸುಮ್ನೆ ತುಂಬಿಕೊಡುವ ಮಾದರಿ ಸಂಖ್ಯೆ. ಕಡತಗಳಿಗೆ ಬದಲಾಗದ ಗುರುತು ಕೊಡುವ ಹ್ಯಾಂಡಲ್ ವ್ಯವಸ್ಥೆಯಲ್ಲಿ ನಿಮ್ಮ ಸಂಸ್ಥೆ ನೋಂದಾಯಿಸಿಕೊಂಡರೆ ನಿಮ್ಮದೇ ಸಂಖ್ಯೆ ಸಿಗುತ್ತದೆ. ದೇಶದ ಪಿಎಚ್‌ಡಿ ಪ್ರಬಂಧಗಳನ್ನು ಇಡುವ ಶೋಧಗಂಗಾದ ವಿಳಾಸಗಳಲ್ಲಿ 10603 ಅಂತ ಕಾಣುತ್ತದಲ್ಲ, ಅದು ಅವರದ್ದು. ಸಂಖ್ಯೆ ನಿಮ್ಮದೇ ಇದ್ದರೆ ಡೊಮೈನ್ ಬದಲಾದರೂ ಹ್ಯಾಂಡಲ್‌ನ ಕೇಂದ್ರ ತಾಣದ ಮೂಲಕ ಬಂದವರು ಸರಿಯಾದ ಜಾಗಕ್ಕೇ ಬರುತ್ತಾರೆ. ಆದರೆ ಅಲ್ಲೂ ಹೊಸ ವಿಳಾಸ ತುಂಬಿಸಬೇಕಾದವರು ನಾವೇ.

ಕೋಹ ಬೇರೆ ಥರ. 2000ದ ಜನವರಿಯಲ್ಲಿ ನ್ಯೂಜಿಲೆಂಡ್‌ನ ಹೊರೊವೆನುವಾ ಗ್ರಂಥಾಲಯದಲ್ಲಿ ಬಳಕೆಗೆ ಬಂದದ್ದು, ಅವತ್ತಿನ ವಿಳಾಸದ ರೂಪ ಇವತ್ತಿಗೂ ಮೈಮೇಲೆ ಇದೆ. ಪುಸ್ತಕದ ಪುಟಕ್ಕೆ ಸಿಜಿಐ-ಬಿನ್ ಅಂತ ಶುರುವಾಗಿ, ಪ್ರಶ್ನಾರ್ಥಕ ಚಿಹ್ನೆ ಬಂದು, ಆಮೇಲೆ ಬಿಬ್ಲಿಯೋನಂಬರ್ ಇಷ್ಟು ಅಂತ ಮುಗಿಯುತ್ತದೆ. ಪ್ರಶ್ನಾರ್ಥಕ ಚಿಹ್ನೆಯ ನಂತರ ಬರುವುದನ್ನು ಕ್ವೆರಿ ಸ್ಟ್ರಿಂಗ್ ಅನ್ನುತ್ತಾರೆ. ಅಪಾಚೆಯ ಮಾಮೂಲಿ ರೀಡೈರೆಕ್ಟ್ ನಿಯಮಕ್ಕೆ, ರಿರೈಟ್ ರೂಲ್‌ಗೂ ಕೂಡ, ಆ ಭಾಗ ಕಾಣುವುದೇ ಇಲ್ಲ! ಅವು ನೋಡುವುದು ಚಿಹ್ನೆಯ ಹಿಂದಿನ ದಾರಿಯನ್ನು ಮಾತ್ರ. ಹಳೇ ಕ್ಯಾಟಲಾಗ್‌ನ ವಿಳಾಸಕ್ಕೆ ನಿಯಮ ಬರೆದು ‘ಕೆಲಸವೇ ಮಾಡ್ತಿಲ್ಲ’ ಅನ್ನುವವರಲ್ಲಿ ಮುಕ್ಕಾಲು ಪಾಲು ಎಡವಿರೋದು ಇಲ್ಲೇ. ರಿರೈಟ್ ಕಂಡೀಶನ್ ಅಂತ ಇನ್ನೊಂದು ಸಾಲು ಮೇಲೆ ಬರೆದು, ಕ್ವೆರಿ ಸ್ಟ್ರಿಂಗ್‌ನಿಂದ ಸಂಖ್ಯೆ ಎತ್ತಿಕೊಂಡು, ಕೆಳಗಿನ ಸಾಲಿಗೆ ಕೊಡಬೇಕು. ಎಂಜಿನ್‌ಎಕ್ಸ್‌ನಲ್ಲಿ ಇದು ಇನ್ನೂ ಸಲೀಸು, ಬಿಬ್ಲಿಯೋನಂಬರ್‌ನ ಬೆಲೆ ನೇರವಾಗಿ ಒಂದು ಚರದಲ್ಲಿ ಸಿಗುತ್ತದೆ.

ಬೇರೆ ತಂತ್ರಾಂಶದಿಂದ ಕೋಹಕ್ಕೆ ಬಂದವರಿಗೆ ಸಂಖ್ಯೆಗಳು ಹೊಂದುವುದಿಲ್ಲ. ಹಳೆಯದರಲ್ಲಿ 1520 ಆಗಿದ್ದ ಪುಸ್ತಕ ಇಲ್ಲಿ 87 ಆಗಿರಬಹುದು. ಆಗ ಪಟ್ಟಿ ಬೇಕು: ಎಡಗಡೆ ಹಳೇ ಸಂಖ್ಯೆ, ಬಲಗಡೆ ಹೊಸ ಸಂಖ್ಯೆ. ಅಪಾಚೆಯಲ್ಲಿ ರಿರೈಟ್ ಮ್ಯಾಪ್ ಅನ್ನುವ ಸೌಲಭ್ಯ ಇದಕ್ಕೇ ಇರೋದು, ಸಾದಾ ಪಠ್ಯ ಕಡತ ಕೊಟ್ಟರೆ ಸಾಕು, ತುಂಬಾ ಉದ್ದ ಆದರೆ ಅದನ್ನು ಬೇಗ ಹುಡುಕಲು ಬರುವ ಡಿಬಿಎಂ ರೂಪಕ್ಕೆ ಬದಲಿಸಿಕೊಳ್ಳಬಹುದು. ಎಂಜಿನ್‌ಎಕ್ಸ್‌ನಲ್ಲಿ ಮ್ಯಾಪ್ ಅಂತಲೇ ಹೆಸರು. ಈ ಪಟ್ಟಿ ಎಲ್ಲಿಂದ ಬರಬೇಕು? ದತ್ತಾಂಶ ವರ್ಗಾಯಿಸುವಾಗಲೇ ಹಳೇ ದಾಖಲೆ ಸಂಖ್ಯೆಯನ್ನು ಕ್ಯಾಟಲಾಗ್ ದಾಖಲೆಯ ನಮೂನೆಯಾದ ಮಾರ್ಕ್‌ನ 035ನೇ ಫೀಲ್ಡ್‌ನಲ್ಲಿ ಇಟ್ಟುಕೊಂಡಿದ್ದರೆ ಕೋಹದಲ್ಲಿ ಒಂದು ಎಸ್‌ಕ್ಯೂಎಲ್ ರಿಪೋರ್ಟ್ ಹಾಕಿ ಪಟ್ಟಿ ಇಳಿಸಿಕೊಳ್ಳಬಹುದು. ಇಟ್ಟುಕೊಂಡಿಲ್ಲ ಅಂದರೆ ರಿಜಿಸ್ಟರ್‌ನಲ್ಲಿ ಪ್ರತಿ ಪುಸ್ತಕಕ್ಕೂ ಕೊಟ್ಟಿರುವ ಅಕ್ಸೆಶನ್ ಸಂಖ್ಯೆ ಹಿಡಿದು ಎರಡೂ ಕಡೆಯ ಪಟ್ಟಿ ಹೊಂದಿಸಬೇಕು, ಅದು ಬೇಸರದ ಕೆಲಸ, ಆದರೆ ಆಗುವ ಕೆಲಸ. ವಲಸೆ ಇನ್ನೂ ಆಗಿಲ್ಲ ಅನ್ನುವವರು ಈ 035 ಅನ್ನು ಈಗಲೇ ಬರೆದಿಟ್ಟುಕೊಳ್ಳಿ.

ವಿಳಾಸದಲ್ಲಿ ಹ್ಯಾಶ್ ಚಿಹ್ನೆ ಇದ್ದರೆ? ಅದರ ನಂತರ ಬರುವುದನ್ನು ಬ್ರೌಸರ್ ಸರ್ವರ್‌ಗೆ ಕಳಿಸುವುದೇ ಇಲ್ಲ, ತನ್ನ ಹತ್ತಿರವೇ ಇಟ್ಟುಕೊಳ್ಳುತ್ತದೆ. ಕೆಲವು ಕ್ಯಾಟಲಾಗ್‌ಗಳು ಪುಸ್ತಕದ ಸಂಖ್ಯೆಯನ್ನೇ ಹ್ಯಾಶ್‌ನ ಆಚೆ ಇಟ್ಟಿರುತ್ತವೆ. ಅಂಥವಕ್ಕೆ ಸರ್ವರ್‌ನಲ್ಲಿ ರೀಡೈರೆಕ್ಟ್ ಸಾಧ್ಯವಿಲ್ಲ. ಹಳೇ ವಿಳಾಸದಲ್ಲಿ ಒಂದು ಸಣ್ಣ ಪುಟ ಇಟ್ಟು, ಅದರೊಳಗೆ ಜಾವಾಸ್ಕ್ರಿಪ್ಟ್ ಬರೆದು, ಹ್ಯಾಶ್ ನಂತರದ್ದನ್ನು ಓದಿ ಮುಂದೆ ಕಳಿಸಬೇಕು.

ಈಗ ನಮ್ಮ ಭಾಷೆಗೇ ಸೇರಿದ ತೊಂದರೆ. ಇಂಗ್ಲಿಷ್ ಕೈಪಿಡಿಗಳಲ್ಲಿ ಇದು ಸಿಗುವುದು ಕಷ್ಟ, ಹಾಗಾಗಿ ಸ್ವಲ್ಪ ಜಾಸ್ತಿ ಹೊತ್ತು ತೆಗೆದುಕೊಳ್ಳುತ್ತೇನೆ. ಕನ್ನಡದ ಹೆಸರಿಟ್ಟು ಪಿಡಿಎಫ್ ಏರಿಸುವವರು ಈಗ ಬಹಳ ಜನ. ತಪ್ಪೇನಿಲ್ಲ, ನನಗೂ ಖುಷಿಯೇ. ಆದರೆ ವೆಬ್ ವಿಳಾಸ ಒಳಗಡೆ ಕನ್ನಡವನ್ನು ಹಾಗೇ ಸಾಗಿಸುವುದಿಲ್ಲ. ಕಂಪ್ಯೂಟರ್ ಅಕ್ಷರಗಳನ್ನು ಬರೆದಿಡುವ ಯುಟಿಎಫ್-8 ಕ್ರಮದಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೂ ಮೂರು ಬೈಟ್, ಪ್ರತಿ ಬೈಟನ್ನೂ ಶೇಕಡಾ ಚಿಹ್ನೆ ಹಾಕಿ ಎರಡಕ್ಷರದಲ್ಲಿ ಬರೆಯುತ್ತಾರೆ. ‘ಪುಸ್ತಕ’ ಅನ್ನುವ ಪದದಲ್ಲಿ ಒತ್ತು, ಗುಣಿತ, ವಿರಾಮ ಸೇರಿ ಆರು ಸಂಕೇತ. ವಿಳಾಸದಲ್ಲಿ ಅದು 54 ಅಕ್ಷರ ಆಗುತ್ತದೆ. ಪುಸ್ತಕದ ಪೂರ್ತಿ ಹೆಸರಿಟ್ಟರೆ ಏನಾಗುತ್ತೆ ನೀವೇ ಊಹಿಸಿ. ಅದನ್ನು ಈಮೇಲ್‌ಗೆ ಅಂಟಿಸಿದಾಗ ಎರಡು ಸಾಲಿಗೆ ಮುರಿದುಹೋಗಿ ಅರ್ಧ ವಿಳಾಸ ಮಾತ್ರ ಲಿಂಕ್ ಆಗುತ್ತದೆ. ಲಾಗ್‌ನಲ್ಲಿ, ಅಂದರೆ ಬಂದವರು ಏನು ಕೇಳಿದರು ಅಂತ ಸರ್ವರ್ ಬರೆದಿಡುವ ಕಡತದಲ್ಲಿ, 404 ನೋಡುವಾಗ ಬಾಲ ಕತ್ತರಿಸಿದ ಇಂಥ ವಿಳಾಸಗಳು ಕಾಣುತ್ತವೆ.

ಅದು ಕಣ್ಣಿಗೆ ಕಾಣುವ ತೊಂದರೆ. ಕಾಣದೇ ಇರೋದು ಇನ್ನೊಂದಿದೆ. ‘ರಾಜ್‌ಕುಮಾರ್’ ಅಂತ ಬರೆಯುವಾಗ ಜಕಾರಕ್ಕೆ ಕಕಾರ ಒತ್ತಾಗಿ ಸೇರಿಕೊಳ್ಳಬಾರದು ಅಂತ ನಡುವೆ ಒಂದು ಅದೃಶ್ಯ ಸಂಕೇತ ಹಾಕುತ್ತೇವೆ. ಕೀಲಿಮಣೆ ತಾನಾಗೇ ಹಾಕಿರುತ್ತದೆ, ನಮಗೆ ಗೊತ್ತಿರುವುದಿಲ್ಲ. ವಿಳಾಸದಲ್ಲಿ ಅದೂ ಮೂರು ಬೈಟ್ ಆಗಿ ಕೂತಿರುತ್ತದೆ. ‘ಲೈಬ್ರರಿಯಲ್ಲಿ’ ಅಂತ ಬರೆದರೆ ಇರಲ್ಲ, ‘ಬೆಂಗಳೂರ್‌ನಲ್ಲಿ’ ಅಂತ ಬರೆದರೆ ಇರುತ್ತದೆ. ಇನ್ನು ದೀರ್ಘ ಸ್ವರಗಳು. ‘ಕೋ’ದಲ್ಲಿರುವ ಓತ್ವ ಯೂನಿಕೋಡ್‌ನಲ್ಲಿ ಒಂದೇ ಸಂಕೇತವಾಗಿಯೂ ಇರಬಹುದು, ಮೂರು ತುಂಡು ಸೇರಿಯೂ ಆಗಬಹುದು. ನೋಡೋಕೆ ಎರಡೂ ಒಂದೇ. ಸರ್ವರ್‌ಗೆ ಮಾತ್ರ ಅವು ಬೇರೆ ಬೇರೆ ಹೆಸರು. ಹಳೇ ಮ್ಯಾಕ್‌ಗಳು ಕಡತದ ಹೆಸರನ್ನು ತುಂಡು ತುಂಡಾಗಿ ಬಿಡಿಸಿ ಇಡುತ್ತಿದ್ದವು. ಅಲ್ಲಿಂದ ಲಿನಕ್ಸ್ ಸರ್ವರ್‌ಗೆ ನಕಲು ಮಾಡಿದಾಗ, ಕಡತ ಕಣ್ಣೆದುರಿಗೇ ಇದ್ದರೂ ಲಿಂಕ್ ಒತ್ತಿದರೆ 404. ಇಂಥದ್ದಕ್ಕೆ ರೀಡೈರೆಕ್ಟ್ ಬರೆಯುವಾಗ ನೀವೇ ಟೈಪ್ ಮಾಡಬೇಡಿ. ಲಾಗ್‌ನಲ್ಲಿ ಶೇಕಡಾ ಚಿಹ್ನೆಗಳ ಸಮೇತ ಬಂದಿರುವ ವಿಳಾಸವನ್ನು ಎತ್ತಿಕೊಂಡು, ಅದರಲ್ಲಿರುವ ಬೈಟ್‌ಗಳನ್ನೇ ಬಳಸಿ. ಇನ್ನೊಂದು ವಿಷಯ, ಅಪಾಚೆ ನಿಯಮವನ್ನು ಹೊಂದಿಸಿ ನೋಡುವುದು ಶೇಕಡಾ ಚಿಹ್ನೆಗಳನ್ನು ಬಿಡಿಸಿದ ರೂಪದ ಜೊತೆ, ಅಂದರೆ ಕನ್ನಡ ಅಕ್ಷರದ ರೂಪದ ಜೊತೆ. ನಿಯಮದ ಎಡಭಾಗದಲ್ಲಿ ಶೇಕಡಾ ಚಿಹ್ನೆಗಳನ್ನು ಅಂಟಿಸಿದರೆ ಅದು ಯಾವತ್ತೂ ಹೊಂದುವುದಿಲ್ಲ. ಹೊಸ ಕಡತಗಳಿಗೆ ನನ್ನ ಸಲಹೆ ಇಷ್ಟೇ, ಪುಟದ ತಲೆಬರಹ ಎಷ್ಟು ಚಂದದ ಕನ್ನಡದಲ್ಲಿ ಬೇಕಾದರೂ ಇರಲಿ, ವಿಳಾಸದಲ್ಲಿ ಸಂಖ್ಯೆ ಇರಲಿ.

ಪಟ್ಟಿ ಮಾಡುವುದು ಹೇಗೆ? ಮೂರು ಕಡೆ ಹುಡುಕಿ. ಸರ್ವರ್‌ನ ಆಕ್ಸೆಸ್ ಲಾಗ್‌ನಲ್ಲಿ 404 ಬಂದ ವಿಳಾಸಗಳನ್ನು ಎತ್ತಿ, ಎಷ್ಟು ಸಲ ಬಂದಿದೆ ಅಂತ ಎಣಿಸಿ, ಜಾಸ್ತಿ ಕೇಳಿದ್ದು ಮೇಲೆ ಬರುವ ಹಾಗೆ ಇಡಿ. ಇದರಲ್ಲಿ ಅರ್ಧಕ್ಕರ್ಧ ವರ್ಡ್‌ಪ್ರೆಸ್ ಲಾಗಿನ್ ಹುಡುಕುವ ಕಳ್ಳ ಬಾಟ್‌ಗಳು ಇರುತ್ತವೆ, ತಲೆ ಕೆಡಿಸಿಕೊಳ್ಳಬೇಡಿ. ಅದೇ ಲಾಗ್‌ನಲ್ಲಿ ರೆಫರರ್ ಅಂತ ಇರುತ್ತದೆ, ಓದುಗರು ಯಾವ ಪುಟದಿಂದ ಬಂದರು ಅನ್ನುವುದು. ನಿಮ್ಮದೇ ಕಾಲೇಜಿನ ಇನ್ನೊಂದು ಪುಟದಿಂದ ಬಂದಿದ್ದರೆ ರೀಡೈರೆಕ್ಟ್ ಹಾಕುವ ಮೊದಲು ಆ ಪುಟವನ್ನೇ ತಿದ್ದಿಸಿ. ಎರಡನೆಯದು ಗೂಗಲ್ ಸರ್ಚ್ ಕನ್ಸೋಲ್, ನಿಮ್ಮ ತಾಣದ ಯಾವ ಪುಟಗಳು ಗೂಗಲ್‌ಗೆ ಸಿಗಲಿಲ್ಲ ಅಂತ ತೋರಿಸುವ ಸೇವೆ. ಮೂರನೆಯದು ಇಂಟರ್ನೆಟ್ ಆರ್ಕೈವ್‌ನ ವೇಬ್ಯಾಕ್ ಮಷೀನ್. ನಿಮ್ಮ ಹಳೇ ಡೊಮೈನ್ ಕೊಟ್ಟರೆ ಅವರು ಉಳಿಸಿಟ್ಟ ವಿಳಾಸಗಳ ಪಟ್ಟಿ ಸಿಗುತ್ತದೆ. ಹಳೇ ಸೈಟ್ ಮಾಡಿದವರು ಫೋನ್ ಎತ್ತದೇ ಇದ್ದಾಗ ಇದೇ ಗತಿ.

ಈಗ ಮುಖಪುಟದ ವಿಷಯ. ಹಳೇ ವಿಳಾಸ ಎಲ್ಲವನ್ನೂ ಮುಖಪುಟಕ್ಕೆ ಕಳಿಸಿದರೆ ಏನು ತೊಂದರೆ? ಓದುಗರು ಕೇಳಿದ್ದು ಶಾಸನಗಳ ಬಗೆಗಿನ ಒಂದು ಪ್ರಬಂಧ, ಬಂದದ್ದು ಅಧ್ಯಕ್ಷರ ಫೋಟೋ ಮತ್ತು ಅಡ್ಮಿಶನ್ ಓಪನ್ ಅಂತ ಓಡುವ ಅಕ್ಷರ. ತಾವೇ ತಪ್ಪು ಒತ್ತಿದೆವೇನೋ ಅಂದುಕೊಂಡು ಮತ್ತೆ ಒತ್ತುತ್ತಾರೆ. 404 ಬಂದಿದ್ದರೆ ‘ಇಲ್ಲ’ ಅಂತಲಾದರೂ ತಿಳಿಯುತ್ತಿತ್ತು. ಗೂಗಲ್ ಕೂಡ ಇಂಥ ಸಂಬಂಧವಿಲ್ಲದ ರೀಡೈರೆಕ್ಟ್‌ಗಳನ್ನು 404 ಅಂತಲೇ ಲೆಕ್ಕ ಹಾಕುತ್ತದೆ. ಲಾಭ ಒಬ್ಬರಿಗೇ. ಲಿಂಕ್ ಪರೀಕ್ಷಿಸುವ ಸಲಕರಣೆಯಲ್ಲಿ ಎಲ್ಲಾ ಹಸಿರು ಬರುತ್ತದೆ, ಸೈಟ್ ಮಾಡಿದವರ ಬಿಲ್ ಪಾಸಾಗುತ್ತದೆ.

ನಿಯಮ ಬರೆಯುವವರಿಗೆ ಎರಡು ಮಾತು. ಅಪಾಚೆಯ ರೀಡೈರೆಕ್ಟ್ ನಿಯಮ ಆ ದಾರಿಗೂ ಅದರ ಕೆಳಗಿರುವ ಎಲ್ಲಕ್ಕೂ ಅನ್ವಯಿಸುತ್ತದೆ. ‘ಲೈಬ್ರರಿ’ ಅನ್ನುವ ದಾರಿಯನ್ನು ಅದೇ ಡೊಮೈನ್‌ನ ‘ಲೈಬ್ರರಿ, ಓರೆಗೆರೆ, ಹೊಸದು’ಗೆ ಕಳಿಸಿದರೆ, ಹೊಸದೂ ‘ಲೈಬ್ರರಿ’ ಅಂತಲೇ ಶುರುವಾಗುವುದರಿಂದ ಮತ್ತೆ ಅದೇ ನಿಯಮ ಹಿಡಿದುಕೊಳ್ಳುತ್ತದೆ, ಹೀಗೆ ಸುತ್ತುತ್ತಾ ಇಪ್ಪತ್ತು ಸುತ್ತಿಗೆ ಬ್ರೌಸರ್ ಕೈಚೆಲ್ಲುತ್ತದೆ. ಮೊದಲು ಹೊಂದಿದ ನಿಯಮವೇ ಗೆಲ್ಲುವುದರಿಂದ ನಿರ್ದಿಷ್ಟವಾದದ್ದು ಮೇಲೆ, ವಿಶಾಲವಾದದ್ದು ಕೆಳಗೆ ಇರಲಿ. ಇನ್ನು ಸರಪಳಿ. 2012ರಲ್ಲಿ ಒಂದು ಬದಲಾವಣೆ, 2018ರಲ್ಲಿ ಇನ್ನೊಂದು, ಈಗ ಮತ್ತೊಂದು, ಮೇಲೆ ಎಚ್‌ಟಿಟಿಪಿಎಸ್‌ಗೆ ಒಂದು ಜಿಗಿತ. ಓದುಗರು ನಾಲ್ಕು ಕಡೆ ಅಲೆದು ತಲುಪುತ್ತಾರೆ, ನಡುವಿನ ಒಂದು ಕಳಚಿದರೂ ಎಲ್ಲ ಹೋಯಿತು. ಹೊಸ ಬದಲಾವಣೆ ಬಂದಾಗಲೆಲ್ಲ ಹಳೇ ಸಾಲುಗಳನ್ನೂ ತಿದ್ದಿ, ನೇರವಾಗಿ ಕೊನೆಯ ವಿಳಾಸಕ್ಕೇ ಕಳಿಸಿ. ಪರೀಕ್ಷೆ ಮಾಡುವುದು ಬ್ರೌಸರ್‌ನಲ್ಲಿ ಬೇಡ, ಅದು ಹಳೇದನ್ನ ನೆನಪಿಟ್ಟುಕೊಂಡಿರುತ್ತದೆ. ಕರ್ಲ್ ಅನ್ನುವ ಸಲಕರಣೆ ಬಳಸಿ, ಪಟ್ಟಿಯ ಪ್ರತಿ ವಿಳಾಸಕ್ಕೂ ಯಾವ ಸಂಖ್ಯೆ ಬಂತು, ಎಲ್ಲಿಗೆ ಕಳಿಸಿತು ಅಂತ ಮುದ್ರಿಸುವ ನಾಲ್ಕು ಸಾಲಿನ ಸ್ಕ್ರಿಪ್ಟ್ ಸಾಕು. ಸೈಟ್ ಮುಟ್ಟಿದಾಗಲೆಲ್ಲ ಅದನ್ನು ಓಡಿಸಿ.

ಇನ್ನು ಪ್ರಶ್ನೆಗಳು.

ಒಬ್ಬರು ಮೇಡಂ ಕೇಳಿದರು: ನಮಗೆ ಸರ್ವರ್ ಒಳಗೆ ಹೋಗೋಕೆ ಬಿಡಲ್ಲ, ಹೋಸ್ಟಿಂಗ್‌ನವರು ಕೊಟ್ಟ ಸಿ-ಪ್ಯಾನೆಲ್ ಅನ್ನುವ ನಿರ್ವಹಣೆ ಪುಟ ಮಾತ್ರ ಇದೆ, ಏನು ಮಾಡೋದು? ಡಾಟ್ ಎಚ್‌ಟಿಆಕ್ಸೆಸ್ ಅನ್ನುವ ಕಡತ ನಿಮ್ಮ ಕೈಗೆ ಸಿಗುತ್ತದೆ, ಅದರಲ್ಲಿ ರೀಡೈರೆಕ್ಟ್ ಮತ್ತು ರಿರೈಟ್ ಸಾಲುಗಳನ್ನು ಬರೆಯಬಹುದು. ರಿರೈಟ್ ಸಾಲಿನಲ್ಲಿ ದಾರಿಯ ಮೊದಲ ಓರೆಗೆರೆ ಬರೆಯಬಾರದು, ಅಲ್ಲಿ ಅದನ್ನು ಕಳಚಿ ಕೊಟ್ಟಿರುತ್ತಾರೆ. ರಿರೈಟ್ ಮ್ಯಾಪ್ ಅನ್ನು ಮಾತ್ರ ಅಲ್ಲಿ ಘೋಷಿಸಲು ಬರುವುದಿಲ್ಲ, ಅದಕ್ಕೆ ಹೋಸ್ಟಿಂಗ್‌ನವರನ್ನೇ ಕೇಳಬೇಕು. ವರ್ಡ್‌ಪ್ರೆಸ್ ಇದ್ದರೆ ರೀಡೈರೆಕ್ಷನ್ ಅನ್ನುವ ಪ್ಲಗಿನ್ ಇದೆ. ಅದರಲ್ಲಿ 404 ಪಟ್ಟಿಯೂ ಸಿಗುತ್ತದೆ, ಶುರು ಮಾಡುವವರಿಗೆ ಅದೇ ಒಳ್ಳೆಯದು.

ಇನ್ನೊಬ್ಬರು: ನಿಜವಾಗಿಯೂ ತೆಗೆದುಹಾಕಿದ ಪುಟಕ್ಕೆ? ಚಂದಾ ನಿಲ್ಲಿಸಿದ ಡೇಟಾಬೇಸ್‌ನ ಪುಟ, ಹಕ್ಕುಸ್ವಾಮ್ಯದ ಕಾರಣಕ್ಕೆ ತೆಗೆದ ಪಿಡಿಎಫ್, ಇಂಥವಕ್ಕೆ 410 ಇದೆ. ಇತ್ತು, ಬೇಕಂತಲೇ ತೆಗೆದಿದ್ದೇವೆ ಅಂತ ಅದರರ್ಥ. ಹರಿದುಹೋದ ಪುಸ್ತಕವನ್ನು ತೆಗೆದಾಗ ಅಕ್ಸೆಶನ್ ರಿಜಿಸ್ಟರ್‌ನಲ್ಲಿ ಆ ಸಾಲನ್ನು ಅಳಿಸದೆ ಎದುರಿಗೆ ಷರಾ ಬರೆಯುತ್ತೀರಲ್ಲ, ಆ ಸಂಖ್ಯೆಯನ್ನು ಬೇರೆ ಪುಸ್ತಕಕ್ಕೆ ಕೊಡುವುದಿಲ್ಲ ಅಲ್ವಾ, ಹಾಗೆಯೇ. 410ರ ಪುಟದಲ್ಲಿ ಏನಿತ್ತು, ಯಾಕೆ ತೆಗೆದಿರಿ, ಬೇರೆಲ್ಲಿ ಸಿಗಬಹುದು ಅಂತ ಎರಡು ಸಾಲು ಬರೆದಿಡಿ.

ಸುರಕ್ಷತೆಯ ಬಗ್ಗೆ ಒಬ್ಬ ಹುಡುಗರು ಕೇಳಿದ್ದು ಒಳ್ಳೇ ಪ್ರಶ್ನೆ. ಕೆಲವು ಕಾಲೇಜುಗಳಲ್ಲಿ ಹೊರಗಿನ ಲಿಂಕ್ ಎಣಿಸಲು ಒಂದು ಸಣ್ಣ ಪಿಎಚ್‌ಪಿ ಪುಟ ಇರುತ್ತದೆ, ವಿಳಾಸದ ಕೊನೆಗೆ ಯಾವ ತಾಣ ಬರೆದರೂ ಅಲ್ಲಿಗೆ ಕಳಿಸುತ್ತದೆ. ಮೋಸದ ಈಮೇಲ್ ಕಳಿಸುವವರಿಗೆ ಇದು ಹಬ್ಬ. ಲಿಂಕ್ ನೋಡಿದರೆ ಕಾಲೇಜಿನದು, ಒತ್ತಿದರೆ ನಕಲಿ ಬ್ಯಾಂಕು. ಅಂಥದ್ದು ನಿಮ್ಮಲ್ಲಿದ್ದರೆ, ಹೋಗಬಹುದಾದ ತಾಣಗಳ ಪಟ್ಟಿ ಕಟ್ಟಿ ಅದರಾಚೆ ಕಳಿಸದ ಹಾಗೆ ಮಾಡಿಸಿ, ಇಲ್ಲವೇ ತೆಗೆಸಿ.

ಹಳೇ ಡೊಮೈನ್‌ಗೆ ಇನ್ನೂ ದುಡ್ಡು ಕಟ್ಟಬೇಕಾ ಅಂತ ಲೆಕ್ಕಪತ್ರದವರು ಕೇಳುತ್ತಾರೆ, ಏನು ಹೇಳೋದು? ಕಟ್ಟಲೇಬೇಕು. ಎಷ್ಟೋ ಕಾಲೇಜುಗಳು ಮೊದಲು ಡಾಟ್ ಕಾಮ್‌ನಲ್ಲೋ ಡಾಟ್ ಆರ್ಗ್‌ನಲ್ಲೋ ಇದ್ದು ಆಮೇಲೆ ಎಸಿ ಡಾಟ್ ಇನ್‌ಗೆ ಬಂದವು. ಹಳೆಯದನ್ನು ಬಿಟ್ಟುಬಿಟ್ಟರೆ ಯಾರು ಬೇಕಾದರೂ ಕೊಳ್ಳಬಹುದು. ಒಳ್ಳೇ ಹೆಸರಿದ್ದ ಹಳೇ ಡೊಮೈನ್‌ಗಳಿಗಾಗಿ ಕಾದು ಕೂತು, ಸಿಕ್ಕ ಮೇಲೆ ಜೂಜಿನ ತಾಣ ತೆರೆಯುವವರಿದ್ದಾರೆ. ಪ್ರಬಂಧದಲ್ಲಿ ಅಚ್ಚಾದ ನಿಮ್ಮ ವಿಳಾಸ ಒತ್ತಿದರೆ ರಮ್ಮಿ ಆಟ ಬರುತ್ತದೆ. ಡೊಮೈನ್ ಜೊತೆ ಇನ್ನೊಂದು ಬೇಕು, ಹಳೇ ಹೆಸರಿಗೂ ಚಾಲ್ತಿಯಲ್ಲಿರುವ ಪ್ರಮಾಣಪತ್ರ, ತಾಣ ಅಸಲಿ ಅಂತ ಬ್ರೌಸರ್‌ಗೆ ತೋರಿಸುವಂಥದ್ದು. ಎಚ್‌ಟಿಟಿಪಿಎಸ್‌ನಲ್ಲಿ ಬಂದವರ ಬ್ರೌಸರ್ ಮೊದಲು ಪ್ರಮಾಣಪತ್ರ ನೋಡುತ್ತದೆ, ಅದರ ಅವಧಿ ಮುಗಿದಿದ್ದರೆ ನಿಮ್ಮ 301 ಕೇಳಿಸಿಕೊಳ್ಳುವ ಮುಂಚೆಯೇ ಕೆಂಪು ಎಚ್ಚರಿಕೆ ತೋರಿಸಿ ನಿಲ್ಲಿಸುತ್ತದೆ. ಲೆಟ್ಸ್ ಎನ್‌ಕ್ರಿಪ್ಟ್‌ನಿಂದ ಪುಕ್ಕಟೆ ಸಿಗುತ್ತದೆ, ತಾನಾಗೇ ನವೀಕರಣ ಆಗುವ ಹಾಗೆ ಮಾಡಿಡಿ.

ರೀಡೈರೆಕ್ಟ್ ಎಷ್ಟು ವರ್ಷ ಇಡಬೇಕು ಅಂತ ಹಿಂದಿನ ಸಾಲಿನಿಂದ ಕೇಳಿದರು. ಕನಿಷ್ಠ ಒಂದು ವರ್ಷ ಅನ್ನೋದು ಗೂಗಲ್‌ನ ಸಲಹೆ. ಅದು ಅಂಗಡಿಯವರಿಗೆ ಸಾಕು. ನಮ್ಮ ಪ್ರಬಂಧಗಳನ್ನು ಮೂವತ್ತು ವರ್ಷ ಬಿಟ್ಟೂ ಯಾರಾದರೂ ತೆರೆಯುತ್ತಾರೆ, ಒಂದು ಸಾಲು ಇಟ್ಟುಕೊಳ್ಳಲು ಖರ್ಚೇನೂ ಇಲ್ಲ, ತೆಗೆಯಬೇಡಿ.

ಕೊನೆಯದು ಕ್ಯೂಆರ್ ಬಗ್ಗೆ. ಕಪಾಟಿಗೆ ಅಂಟಿಸಲು ಸ್ಟಿಕ್ಕರ್ ಮಾಡಿಸುತ್ತಿದ್ದೇವೆ, ವಿಳಾಸ ಉದ್ದ ಇದೆ ಅಂತ ಹೊರಗಿನ ಶಾರ್ಟ್‌ನರ್ ಬಳಸಬಹುದಾ? ಬೇಡ. ಗೂಗಲ್‌ನದ್ದೇ ನೋಡಿ, 2019ರಲ್ಲಿ ಹೊಸ ಚಿಕ್ಕ ಲಿಂಕ್ ಕೊಡುವುದನ್ನು ನಿಲ್ಲಿಸಿತು, 2025ರ ಆಗಸ್ಟ್‌ನಿಂದ ಬಳಕೆಯಿಲ್ಲದ ಹಳೆಯವನ್ನೂ ಮುಚ್ಚುವುದಾಗಿ ಹೇಳಿತು. ನಿಮ್ಮ ಡೊಮೈನ್‌ನಲ್ಲೇ ಒಂದಕ್ಷರದ ದಾರಿ ಮಾಡಿ, ಅದರ ಮುಂದೆ ಕಪಾಟಿನ ಸಂಖ್ಯೆ ಹಾಕಿ, ಅಲ್ಲಿಂದ 302 ಕೊಡಿ. ಇಲ್ಲಿ 301 ಬೇಡ, ಕಪಾಟಿನಲ್ಲಿರುವ ವಿಷಯ ಬದಲಾಗುತ್ತಿರುತ್ತದೆ. ಸ್ಟಿಕ್ಕರ್ ಆಗಲೇ ಅಂಟಿಸಿಬಿಟ್ಟಿದ್ದರೆ ಒಂದನ್ನು ಫೋನ್‌ನಲ್ಲಿ ಸ್ಕ್ಯಾನ್ ಮಾಡಿ, ತೆರೆಯುವ ಮೊದಲು ಕಾಣುವ ವಿಳಾಸ ಓದಿ. ನಿಮ್ಮ ಡೊಮೈನ್ ಇದ್ದರೆ ಸರ್ವರ್‌ನಲ್ಲಿ ಒಂದು ಸಾಲು ಸಾಕು. ಬೇರೆಯವರದ್ದಿದ್ದರೆ ಅದರ ಮೇಲೇ ಹೊಸದನ್ನು ಅಂಟಿಸಿ, ಕಪಾಟು ಕಮ್ಮಿ ಇರುವಾಗಲೇ.